ಒಬ್ಬ ಖಳನ ಪರವಾಗಿ ವಕಾಲತ್ತು

ತೊಂಬತ್ತರ ದಶಕದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದ ನಿಮ್ಮಲ್ಲಿ ಹಲವರಿಗೆ ನನ್ನ ಮೇಜಿನ ಎಡಗಡೆಯ ಡ್ರಾಯರು ನೆನಪಿದ್ದೀತು. ಬುಗುರಿ, ಗೋಲಿ, ರಬ್ಬರಿನ ಕವಣೆ, ಪ್ರೇಮಪತ್ರವೆಂದು ನಾನು ತಪ್ಪಾಗಿ ಭಾವಿಸಿ ವಶಪಡಿಸಿಕೊಂಡ ಒಂದು ರಜಾ ಅರ್ಜಿಯ ಕರಡು, ಇವೆಲ್ಲವುಗಳ ಜೊತೆಗೆ ಅಲ್ಲಿ ಅತಿ ಹೆಚ್ಚಾಗಿ ಸೇರುತ್ತಿದ್ದುದು ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡುಗಳು. ಎತ್ತರ, ತೂಕ, ಎದೆಯ ಸುತ್ತಳತೆ, ರ‍್ಯಾಂಕು! ಭಾಮಿನಿ ಷಟ್ಪದಿಯ ಲಕ್ಷಣ ಎಷ್ಟು ಬಾರಿ ಹೇಳಿಕೊಟ್ಟರೂ ನೆನಪಿನಲ್ಲಿ ನಿಲ್ಲದ ಹುಡುಗರಿಗೆ ಅಂಡರ್‌ಟೇಕರನ ತೂಕ ಮಾತ್ರ ಬಾಯಿಪಾಠವಾಗಿರುತ್ತಿತ್ತು. ಕಾರ್ಡುಗಳನ್ನು ಕಿತ್ತುಕೊಳ್ಳುವಾಗ ನಾನು ಹೇಳುತ್ತಿದ್ದ ಮಾತೂ ನಿಮಗೆ ಮರೆತಿರಲಾರದು: "ಅದೆಲ್ಲ ಬರೀ ನಾಟಕ ಕಣ್ರೋ, ನಾಟಕ!"

ಕನ್ನಡ ಮೇಷ್ಟರೊಬ್ಬನು 'ನಾಟಕ' ಎಂಬ ಶಬ್ದವನ್ನು ಬೈಗುಳವಾಗಿ ಬಳಸುತ್ತಿದ್ದನೆಂಬುದು ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ. ಅದೇ ಮಧ್ಯಾಹ್ನದ ಅವಧಿಯಲ್ಲಿ ನಾಟಕವೆಂದರೆ ಎಷ್ಟು ದೊಡ್ಡ ಕಲೆಯೆಂದು ನಿಮಗೆ ಪಾಠ ಮಾಡುತ್ತಿದ್ದವನೂ ನಾನೇ ಅಲ್ಲವೆ? ಈ ತಪ್ಪು ನನ್ನ ಅರಿವಿಗೆ ಬಂದದ್ದು ಸಾವಿರಾರು ಮೈಲಿ ಆಚೆ, ನಿವೃತ್ತಿಯ ಮರುವರ್ಷ, ನಾನು ಹೆಸರನ್ನೇ ಕೇಳಿರದ ಒಬ್ಬ ಕುಸ್ತಿಪಟುವಿನ ಕಥೆ ಕೇಳುತ್ತಿದ್ದಾಗ.

೨೦೧೯ರ ಮೇ ತಿಂಗಳಿನಲ್ಲಿ ನಾವಿಬ್ಬರೂ ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿ ನಗರದಲ್ಲಿರುವ ಮಗನ ಮನೆಗೆ ಹೋಗಿ ಐದು ತಿಂಗಳು ಇದ್ದು ಬಂದೆವು. ಮಗ, ಸೊಸೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ನಾವು ಮತ್ತು ಗಡಿಯಾರ. ಪಕ್ಕದ ಮನೆಯಲ್ಲಿದ್ದ, ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿದ್ದ ಎಪ್ಪತ್ತು ದಾಟಿದ ಹಿರಿಯರೊಬ್ಬರು ನನ್ನ ಪಾಡು ನೋಡಿ ಮರುಗಿ, ಪ್ರತಿ ಶುಕ್ರವಾರ ಬೆಳಿಗ್ಗೆ ತಮ್ಮ ಗೆಳೆಯರು ಸೇರುವ ಕಾಫಿ ಅಂಗಡಿಗೆ ನನ್ನನ್ನೂ ಕರೆದೊಯ್ಯತೊಡಗಿದರು. ಐದಾರು ಜನ ಮುದುಕರು, ಎರಡು ಮೇಜು, ಲೋಟವಲ್ಲ ಚೊಂಬು ಎನ್ನಬಹುದಾದಷ್ಟು ಕಾಫಿ. ಮೊದಲ ದಿನವೇ ನಾನು ಭಾರತದವನೆಂದು ತಿಳಿದ ಕೂಡಲೆ ಒಬ್ಬರು ಮೇಜು ಗುದ್ದಿ, "ಹಾಗಾದರೆ ನಿನಗೆ ಗಾಮಾ ಗೊತ್ತಿರಲೇಬೇಕು!" ಎಂದರು.

ಗೊತ್ತಿಲ್ಲದೆ ಏನು! ನಾನು ಉತ್ಸಾಹದಿಂದ ಆರಂಭಿಸಿಯೇ ಬಿಟ್ಟೆ. ಅಮೃತಸರದ ಕಡೆಯ ಗುಲಾಮ್ ಮಹಮ್ಮದ್ ಎಂಬ ಮಹಾಮಲ್ಲ, ಗ್ರೇಟ್ ಗಾಮಾ ಎಂದೇ ಜಗತ್ಪ್ರಸಿದ್ಧ. ೧೯೧೦ರಲ್ಲಿ ಲಂಡನ್ನಿಗೆ ಹೋಗಿ ಜಿಬಿಸ್ಕೊ ಎಂಬ ಪೋಲೆಂಡಿನ ಪೈಲ್ವಾನನನ್ನು ಗಂಟೆಗಟ್ಟಲೆ ನೆಲಕ್ಕೆ ಅಂಟಿಕೊಂಡೇ ಇರುವಂತೆ ಮಾಡಿದ್ದು, ೧೯೨೮ರಲ್ಲಿ ಪಟಿಯಾಲದಲ್ಲಿ ಅದೇ ಜಿಬಿಸ್ಕೊನನ್ನು ಒಂದು ನಿಮಿಷವೂ ಆಗುವುದರೊಳಗೆ ಕೆಡವಿದ್ದು, ೧೯೬೦ರಲ್ಲಿ ಲಾಹೋರಿನಲ್ಲಿ ತೀರಿಕೊಂಡದ್ದು... ಮೂವತ್ತಾರು ವರ್ಷ ಪಾಠ ಮಾಡಿದವನಿಗೆ ನಿಲ್ಲಿಸುವುದು ಎಲ್ಲಿ ಗೊತ್ತು? ಅವರೆಲ್ಲ ಸೌಜನ್ಯದಿಂದ ಪೂರ್ತಿ ಕೇಳಿದರು. ಆಮೇಲೆ ಮೇಜು ಗುದ್ದಿದ ಹಿರಿಯರು ಮೆಲ್ಲಗೆ, "ಅವನಲ್ಲ. ನಮ್ಮ ಗಾಮಾ. ಆ ನೀಚ!" ಎಂದರು. 'ನೀಚ' ಎನ್ನುವಾಗ ಅವರ ಮುಖದಲ್ಲಿದ್ದ ಪ್ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರ ಗಾಮಾನ ಬಗ್ಗೆ ಹೇಳುವ ಮುನ್ನ ಆ ಕಾಲದ ಕುಸ್ತಿಯ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ನಿಮ್ಮ ಕಾರ್ಡುಗಳ ಮೇಲಿದ್ದ ಡಬ್ಲ್ಯುಡಬ್ಲ್ಯುಎಫ್ ಎಂಬ ಒಂದೇ ಸಂಸ್ಥೆ ಜಗತ್ತನ್ನೆಲ್ಲ ಆಳಿದ್ದು ಬಹಳ ಈಚಿನ ಸಂಗತಿ. ಅದಕ್ಕೆ ಮೊದಲು ಅಮೆರಿಕ, ಕೆನಡಾಗಳು ಕುಸ್ತಿಯ ಮಟ್ಟಿಗೆ ನಮ್ಮ ಹಳೆಯ ಪಾಳೆಯಪಟ್ಟುಗಳಂತೆ ಹಂಚಿಹೋಗಿದ್ದವು. ಅವುಗಳನ್ನು ಅಲ್ಲಿಯವರು ಟೆರಿಟರಿ ಎಂದು ಕರೆಯುತ್ತಿದ್ದರು. ೧೯೪೮ರಲ್ಲಿ ಅಮೆರಿಕದ ಅಯೊವಾ ರಾಜ್ಯದ ವಾಟರ್ಲೂ ಎಂಬಲ್ಲಿ ಕೆಲವು ಪ್ರವರ್ತಕರು ಸೇರಿ ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್ ಎಂಬ ಒಕ್ಕೂಟ ಕಟ್ಟಿಕೊಂಡು, ಒಬ್ಬರ ಸೀಮೆಯೊಳಗೆ ಇನ್ನೊಬ್ಬರು ಕಾಲಿಡಬಾರದೆಂಬ ಒಪ್ಪಂದಕ್ಕೆ ಬಂದರು. ಅದೇ ವರ್ಷ ಸ್ಟೂ ಹಾರ್ಟ್ ಎಂಬ ಕುಸ್ತಿಪಟು ಪಶ್ಚಿಮ ಕೆನಡಾದಲ್ಲಿ ತಮ್ಮದೊಂದು ಕಂಪನಿ ಆರಂಭಿಸಿದರು. ಅದೇ ಮುಂದೆ ಸ್ಟ್ಯಾಂಪೀಡ್ ರೆಸ್ಲಿಂಗ್ ಎಂದು ಹೆಸರಾಯಿತು. ಹನ್ನೆರಡು ಮಕ್ಕಳ ತಂದೆಯಾಗಿದ್ದ ಈ ಸ್ಟೂ ಹಾರ್ಟ್, ತಮ್ಮ ಮನೆಯ ನೆಲಮಾಳಿಗೆಯನ್ನೇ ಗರಡಿಮನೆ ಮಾಡಿಕೊಂಡು ಹುಡುಗರನ್ನು ಹಿಂಡುತ್ತಿದ್ದರು. 'ಡಂಜನ್', ಅಂದರೆ ಕತ್ತಲೆಮನೆ, ಎಂದೇ ಅದಕ್ಕೆ ಹೆಸರು. ನಿಮ್ಮ ಗುಲಾಬಿ ಬಣ್ಣದ ಬ್ರೆಟ್ ಹಾರ್ಟ್ ಇವರ ಮಗನೇ.

ನಮ್ಮ ವೃತ್ತಿನಾಟಕ ಕಂಪನಿಗಳು ಊರೂರು ಸುತ್ತುತ್ತಿದ್ದಂತೆ ಇವರದೂ ಸುತ್ತಾಟ. ಶುಕ್ರವಾರ ಕ್ಯಾಲ್ಗರಿಯ ವಿಕ್ಟೋರಿಯಾ ಪೆವಿಲಿಯನ್. ಉಳಿದ ದಿನಗಳಲ್ಲಿ ಎಡ್ಮಂಟನ್, ರೆಡ್ ಡಿಯರ್, ಲೆತ್‌ಬ್ರಿಜ್, ಸಾಸ್ಕಟೂನ್, ರಿಜೈನ. ಚಳಿಗಾಲದಲ್ಲಿ ಹಿಮ ಸುರಿಯುವ ರಸ್ತೆಗಳಲ್ಲಿ ನೂರಾರು ಮೈಲಿ ವ್ಯಾನಿನಲ್ಲಿ ಪ್ರಯಾಣ. ನಾಯಕ ಮತ್ತು ಖಳ ಒಂದೇ ಗಾಡಿಯಲ್ಲಿ ಹೋಗುವಂತಿರಲಿಲ್ಲ, ಒಂದೇ ಹೋಟೆಲಿನಲ್ಲಿ ಜನರ ಕಣ್ಣಿಗೆ ಬೀಳುವಂತೆ ಕುಳಿತು ಉಣ್ಣುವಂತಿರಲಿಲ್ಲ. ನೋಡಿದವರು ನಂಬಿಕೆ ಕಳೆದುಕೊಂಡಾರೆಂಬ ಭಯ. ಈ ಗುಟ್ಟು ಕಾಯುವ ನಿಯಮಕ್ಕೆ ಅವರ ಪರಿಭಾಷೆಯಲ್ಲಿ 'ಕೇಫೇಬ್' ಎನ್ನುತ್ತಾರೆ. ನಾಯಕನಿಗೆ 'ಬೇಬಿಫೇಸ್', ಖಳನಿಗೆ 'ಹೀಲ್'. ಖಳನಾದವನು ಕಣದಿಂದ ಇಳಿದ ಮೇಲೂ, ಅಂಗಡಿಯಲ್ಲಿ ಹಾಲು ಕೊಳ್ಳುವಾಗಲೂ, ಖಳನೇ.

ಇನ್ನು ಅವರ ಗಾಮಾ. ಈ ಕಂಪನಿಯಲ್ಲಿ ಗಾಮಾ ಸಿಂಗ್, ಗ್ರೇಟ್ ಗಾಮಾ ಎಂಬ ಹೆಸರುಗಳಿಂದ ಮೆರೆದವರ ನಿಜನಾಮಧೇಯ ಗಡೋವರ್ ಸಿಂಗ್ ಸಹೋಟಾ. ೧೯೫೪ರಲ್ಲಿ ಪಂಜಾಬಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಕೆನಡಾಕ್ಕೆ ಹೋದವರು. ಎಪ್ಪತ್ತರ ದಶಕದಲ್ಲಿ ವೃತ್ತಿಕುಸ್ತಿಗೆ ಇಳಿದು, ಆ ಪುರಾತನ ಮಹಾಮಲ್ಲನ ಹೆಸರನ್ನೇ ತೊಟ್ಟುಕೊಂಡರು. (ಇಲ್ಲೊಂದು ವ್ಯಾಕರಣದ ಮಾತು. ಕಣದೊಳಗಿನ ಗಾಮಾನನ್ನು 'ಅವನು' ಎಂದೂ, ಆ ವೇಷ ತೊಟ್ಟ ಸಹೋಟಾರನ್ನು 'ಅವರು' ಎಂದೂ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿದ್ದ ಆ ಮುದುಕರಿಗೆ ಈ ಅನುಕೂಲವಿರಲಿಲ್ಲ. ನಮಗಿದೆ.)

ಕಾಫಿ ಅಂಗಡಿಯಲ್ಲಿ ಪ್ರತಿ ವಾರ ಒಂದೇ ವ್ಯಾಜ್ಯ: ಸ್ಟ್ಯಾಂಪೀಡಿನ ಅತ್ಯುತ್ತಮ ಖಳ ಯಾರು? ಒಬ್ಬರದು ಆರ್ಚಿ ಗೋಲ್ಡಿಯ ಪಕ್ಷ. ಆಲ್ಬರ್ಟಾದ ಒಂದು ಸಣ್ಣ ಊರಿನವನಾಗಿದ್ದ ಈ ಆರ್ಚಿ ತಲೆ ಬೋಳಿಸಿಕೊಂಡು 'ಮಂಗೋಲಿಯನ್ ಸ್ಟಾಂಪರ್' ಆದದ್ದು ಅವರೆಲ್ಲರಿಗೂ ಅಚ್ಚುಮೆಚ್ಚಿನ ಸೋಜಿಗ. ಇನ್ನೊಬ್ಬರದು ಬ್ಯಾಡ್ ನ್ಯೂಸ್ ಅಲೆನ್. ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಜೂಡೊ ಕಂಚಿನ ಪದಕ ಗೆದ್ದವರು, ನಿಜವಾಗಿಯೂ ಭಯ ಹುಟ್ಟಿಸುತ್ತಿದ್ದರಂತೆ. ಮತ್ತೊಬ್ಬರು ಇಂಗ್ಲೆಂಡಿನಿಂದ ಬಂದ ಡೈನಮೈಟ್ ಕಿಡ್‌ನ ಹೆಸರೆತ್ತುವರು. ನನ್ನ ನೆರೆಯ ಹಿರಿಯರು ಮಾತ್ರ ಎಲ್ಲರೂ ಮುಗಿಸುವವರೆಗೆ ಕಾದು, "ಗಾಮಾ" ಎಂದು ಒಂದೇ ಮಾತು ಹೇಳಿ ಕಾಫಿ ಕುಡಿಯುವರು. ಒಂದು ದಿನ ನಾನು ಕಾರಣ ಕೇಳಿದೆ. ಅವರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಬಲಶಾಲಿಯಾದ ಖಳನನ್ನು ದ್ವೇಷಿಸುವುದು ಸುಲಭ, ಆದರೆ ಒಂದೆರಡು ತಿಂಗಳಲ್ಲಿ ಆ ದ್ವೇಷ ಮೆಚ್ಚುಗೆಯಾಗಿಬಿಡುತ್ತದೆ. ಗಾಮಾನನ್ನು ಜನ ವರ್ಷಗಟ್ಟಲೆ ದ್ವೇಷಿಸಿದರು. ಅವನು ಯಾರಿಗೂ ಮೆಚ್ಚಲು ಅವಕಾಶವನ್ನೇ ಕೊಡಲಿಲ್ಲ.

ಹೇಗೆಂದು ನನಗೆ ಅರ್ಥವಾದದ್ದು ಮಗನ ಕಂಪ್ಯೂಟರಿನಲ್ಲಿ ಹಳೆಯ ದೃಶ್ಯಗಳನ್ನು ನೋಡಿದ ಮೇಲೆ. ದೈತ್ಯನಲ್ಲ, ಚೊಕ್ಕ ಮೈಕಟ್ಟು, ದಟ್ಟ ಮೀಸೆ. ಎದುರಾಳಿ ಮುಗ್ಗರಿಸಿದರೆ ಮೇಲೆ ಬೀಳುವನು. ತಿರುಗಿ ಎದ್ದರೆ ಹಿಂದೆ ಸರಿದು ಕೈಯೊಡ್ಡಿ ಬೇಡುವನು. ರೆಫ್ರಿ ನೋಡುತ್ತಿದ್ದಾಗ ಪರಮ ಸಾತ್ವಿಕ, ರೆಫ್ರಿ ತಿರುಗಿದೊಡನೆ ಕೈ ಬೇರೆಯೇ ಕೆಲಸ ಮಾಡುತ್ತದೆ. ಪೆಟ್ಟು ತಿಂದಾಗ ಅನ್ಯಾಯವಾಯಿತೆಂದು ಪ್ರೇಕ್ಷಕರಿಗೇ ದೂರು! ಜನ ಬೈದಷ್ಟೂ ಅವನ ಮುಖದ ಮೇಲೆ ಒಂದು ತೆಳು ನಗು. ಆ ನಗುವೇ ಅವನ ಬಂಡವಾಳ ಎಂದು ನನಗನ್ನಿಸಿತು. ನಮ್ಮ ವಜ್ರಮುನಿಯವರು ತೆರೆಯ ಮೇಲೆ ಹುಬ್ಬು ಏರಿಸಿದೊಡನೆ ಟೆಂಟಿನಲ್ಲಿ ಕುಳಿತ ಹೆಂಗಸರು ನೆಟಿಕೆ ಮುರಿದು ಶಪಿಸುತ್ತಿದ್ದುದನ್ನು ಬಾಲ್ಯದಲ್ಲಿ ಕಂಡ ನನಗೆ ಇದು ಪರಿಚಿತ ವಿದ್ಯೆಯಂತೆಯೇ ತೋರಿತು. ಒಂದು ವ್ಯತ್ಯಾಸವುಂಟು. ಸಿನಿಮಾ ಖಳನು ಪ್ರೇಕ್ಷಕರಿಗೆ ಸಿಗುವುದಿಲ್ಲ. ಇವನು ಅವರ ನಡುವಿನಿಂದಲೇ ನಡೆದು ಕಣ ಏರಬೇಕು, ನಡುವಿನಿಂದಲೇ ಇಳಿದು ಹೋಗಬೇಕು. ಆ ಕಾಲದ ಖಳರ ಮೇಲೆ ಉಗುಳಿದವರು, ಸೀಸೆ ಎಸೆದವರು, ಕಾರಿನ ಚಕ್ರ ಕೊಯ್ದವರು, ಚಾಕು ಬೀಸಿದವರೂ ಇದ್ದರು.

ನಾನು ಈ ಲೇಖನ ಬರೆಯಲು ಮುಖ್ಯ ಕಾರಣವಾದ ಸಂಗತಿ ಇನ್ನೊಂದು. ಅದನ್ನು ನನಗೆ ಹೇಳಿದ್ದೂ ಆ ರೈಲ್ವೆ ಹಿರಿಯರೇ. ಯೌವನದಲ್ಲಿ ಅವರು ಕೆಲವು ತಿಂಗಳು ಕುಸ್ತಿ ಕಲಿಯಲು ಯತ್ನಿಸಿ, ಬೆನ್ನು ನೋವೆಂದು ಬಿಟ್ಟವರು. ವೃತ್ತಿಕುಸ್ತಿಯಲ್ಲಿ ಸೋಲುಗೆಲುವು ಮೊದಲೇ ತೀರ್ಮಾನವಾಗಿರುತ್ತದೆ ಎಂಬುದು ಈಗ ಎಲ್ಲರಿಗೂ ತಿಳಿದದ್ದೇ. ೧೯೮೯ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯವರೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ಇದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಆದರೆ ಬೀಳುವುದು ಸುಳ್ಳಲ್ಲ. ಆ ಕಣವೆಂದರೆ ಉಕ್ಕಿನ ಚೌಕಟ್ಟಿನ ಮೇಲೆ ಹಲಗೆ, ಅದರ ಮೇಲೊಂದು ತೆಳು ಹಾಸು, ಮೇಲೆ ಕ್ಯಾನ್ವಾಸ್ ಬಟ್ಟೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನು ಪೂರ್ತಿಯಾಗಿ ಒಮ್ಮೆಗೇ ನೆಲ ಮುಟ್ಟುವಂತೆ ಬೀಳದಿದ್ದರೆ ಕುತ್ತಿಗೆ ಹೋದಂತೆಯೇ. ಎತ್ತಿ ಎಸೆಯುವವನು ಒಂದು ಗಳಿಗೆ ಅಜಾಗರೂಕನಾದರೂ ಎಸೆಯಲ್ಪಟ್ಟವನ ಬಾಳು ಮುಗಿಯಬಹುದು. ಹಳೆಯ ಪದ್ಧತಿಯಲ್ಲಿ, ಪಂದ್ಯವನ್ನು ಒಳಗಿನಿಂದ ನಡೆಸುತ್ತಿದ್ದವನು ಸಾಮಾನ್ಯವಾಗಿ ಖಳನೇ. ಹಿಡಿತದಲ್ಲಿರುವಾಗ ಕಿವಿಯ ಬಳಿ ಮುಂದಿನ ಪಟ್ಟು ಯಾವುದೆಂದು ಪಿಸುಗುಡುವವನು ಅವನು. ಪ್ರೇಕ್ಷಕರ ಉಸಿರು ಎಲ್ಲಿ ಬಿಗಿಯಬೇಕು, ಎಲ್ಲಿ ನಾಯಕನಿಗೆ ಏಳಲು ಬಿಡಬೇಕು ಎಂದು ಲೆಕ್ಕ ಹಾಕುವವನು ಅವನು. ಇಪ್ಪತ್ತರ ಹರೆಯದ, ಇನ್ನೂ ಕಲಿಯುತ್ತಿರುವ ನಾಯಕನ ಕುತ್ತಿಗೆ ಆ ಅರ್ಧ ಗಂಟೆ ಖಳನ ಕೈಯಲ್ಲಿರುತ್ತದೆ. ಚಪ್ಪಾಳೆ ಹುಡುಗನಿಗೆ, ಬೈಗುಳ ಇವನಿಗೆ.

ಗಾಮಾನ ಸ್ಥಾನ ಹೆಚ್ಚಾಗಿ ಅಂಥದೇ. ಬ್ರಿಟಿಷ್ ಕಾಮನ್‌ವೆಲ್ತ್ ಮಿಡ್-ಹೆವಿವೆಯ್ಟ್ ಎಂಬ ಪದವಿಯನ್ನು ಅವನು ಹಲವು ಬಾರಿ ಗೆದ್ದ, ಎಂದರೆ ಹಲವು ಬಾರಿ ಸೋತ. ಬ್ರೆಟ್ ಹಾರ್ಟ್, ಡೈನಮೈಟ್ ಕಿಡ್ ಮೊದಲಾದ ತರುಣರು ತಮ್ಮ ಹೆಸರು ಮಾಡಿಕೊಂಡದ್ದು ಈ ಪದವಿಯ ಸುತ್ತಲೇ. ಅವರಲ್ಲಿ ಕೆಲವರು ಮುಂದೆ ವಿಶ್ವವಿಖ್ಯಾತರಾದರು. ಅವರನ್ನು ಸಣ್ಣ ಊರುಗಳಲ್ಲಿ, ಶುಕ್ರವಾರದ ನಂತರ ಶುಕ್ರವಾರ, ನಾಯಕರನ್ನಾಗಿ ತೋರಿಸಿಕೊಟ್ಟವನಿಗೆ ನಿಮ್ಮ ಕಾರ್ಡುಗಳಲ್ಲಿ ಒಂದು ಕಾರ್ಡೂ ಇರಲಿಲ್ಲ. ರನ್ನನ ಗದಾಯುದ್ಧವನ್ನು ಪಾಠ ಮಾಡುವಾಗ ದುರ್ಯೋಧನನಿಲ್ಲದೆ ಭೀಮನಿಲ್ಲವೆಂದು ಎಷ್ಟು ಸಲ ಹೇಳಿರುವೆನೋ! ಕಾರ್ಡು ಕಿತ್ತುಕೊಳ್ಳುವಾಗ ಮಾತ್ರ ಅದು ನೆನಪಿಗೆ ಬರಲಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನನ್ನು ಕಾಡುವ ಭಾಗಕ್ಕೆ ಬರಬೇಕು. ಅದನ್ನು ಬಿಟ್ಟರೆ ವಕಾಲತ್ತು ಪ್ರಾಮಾಣಿಕವಾಗದು.

ಆ ಟೆರಿಟರಿಗಳಲ್ಲಿ ಖಳನನ್ನು ತಯಾರಿಸುವ ಅತಿ ಸುಲಭ ವಿಧಾನವೆಂದರೆ ಅವನನ್ನು ಪರದೇಶಿಯನ್ನಾಗಿ ಮಾಡುವುದು. ಎರಡನೆಯ ಮಹಾಯುದ್ಧದ ನಂತರ ಜರ್ಮನರು, ಜಪಾನಿಯರು, ಶೀತಲಸಮರದಲ್ಲಿ ರಷ್ಯನರು, ಆಮೇಲೆ ಅರಬರು, ಇರಾನಿಗಳು. ೧೯೭೧ರ ಜನವರಿಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನಿನಲ್ಲಿ ಬ್ರೂನೊ ಸಮ್ಮಾರ್ಟಿನೊನನ್ನು ಸೋಲಿಸಿದ 'ರಷ್ಯನ್' ಇವಾನ್ ಕೊಲೋಫ್ ವಾಸ್ತವವಾಗಿ ಕೆನಡಾದವನು. ಟೆಕ್ಸಾಸಿನ ಜಾಕ್ ಆಡ್ಕಿಸನ್ ಎಂಬಾತ ಫ್ರಿಟ್ಜ್ ವಾನ್ ಎರಿಕ್ ಎಂಬ ಜರ್ಮನನಾದ. ಸೂಡಾನಿನ ಕ್ರೂರಿಯೆಂದು ಮೆರೆದ ಅಬ್ದುಲ್ಲಾ ದ ಬುಚರ್ ಒಂಟಾರಿಯೊದ ವಿಂಡ್ಸರಿನವನು. ಹೀಗೆ ವೇಷ ಹಾಕಿದವರಿಗೆ ರಾತ್ರಿ ವೇಷ ಕಳಚಿಟ್ಟು ಮನೆಗೆ ಹೋಗುವ ಅವಕಾಶವಿತ್ತು. ಸಹೋಟಾರಿಗೆ ಅದಿರಲಿಲ್ಲ, ಅವರ ಬಣ್ಣ ಬಳಿದುಕೊಂಡದ್ದಲ್ಲ.

೧೯೮೭ರ ಸುಮಾರಿಗೆ ಸ್ಟ್ಯಾಂಪೀಡಿನಲ್ಲಿ ಗಾಮಾನ ಸುತ್ತ ಒಂದು ದುಷ್ಟಕೂಟ ಕಟ್ಟಲಾಯಿತು. ಆಗ ಜನಪ್ರಿಯವಾಗಿದ್ದ ಮಯಾಮಿ ವೈಸ್ ಎಂಬ ಟಿವಿ ಧಾರಾವಾಹಿಯನ್ನು ಅನುಕರಿಸಿ ಅದಕ್ಕಿಟ್ಟ ಹೆಸರು 'ಕರಾಚಿ ವೈಸ್'. ಪಂಜಾಬಿನ ಜಲಂಧರವೆಲ್ಲಿ, ಸಿಂಧಿನ ಕರಾಚಿಯೆಲ್ಲಿ! ಭೂಪಟ ನೋಡುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ. ಕೂಟದ ಸದಸ್ಯರೋ ಇನ್ನೂ ವಿಚಿತ್ರ. ಮೈಕ್ ಶಾ ಎಂಬ ೪೦೦ ಪೌಂಡು ತೂಗುವ ಬಿಳಿಯ ಅಮೆರಿಕನ್ 'ಮಖನ್ ಸಿಂಗ್' ಆದ. ಮಖನ್ ಎಂದರೆ ಬೆಣ್ಣೆ. ನಮ್ಮ ಲೆಕ್ಕದಲ್ಲಿ ಬೆಣ್ಣೆ ಗೋವಿಂದಪ್ಪ. ಗ್ಯಾರಿ ಆಲ್‌ಬ್ರೈಟ್ ಎಂಬ ಇನ್ನೊಬ್ಬ ಅಮೆರಿಕನ್ 'ವೋಖನ್ ಸಿಂಗ್' ಆದ. ಆ ಹೆಸರಿಗೆ ಯಾವ ನಿಘಂಟಿನಲ್ಲೂ ಅರ್ಥ ಸಿಗಲಿಕ್ಕಿಲ್ಲ. ಎದುರು ಪಕ್ಷದಲ್ಲಿ ಓವೆನ್ ಹಾರ್ಟ್, ಬ್ರೂಸ್ ಹಾರ್ಟ್, ಬ್ರಯಾನ್ ಪಿಲ್ಮನ್. ಕಾಫಿ ಮೇಜಿನ ಮುದುಕರು ಇದನ್ನು ಹೇಳುತ್ತ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ.

ನಗದವರು ಒಬ್ಬರಿದ್ದರು. ಕೆಲವೊಮ್ಮೆ ಆ ಗುಂಪಿಗೆ ಬಂದು ಕೂರುತ್ತಿದ್ದ, ಲಾರಿಗಳ ವ್ಯವಹಾರವಿದ್ದ ಐವತ್ತರ ಆಸುಪಾಸಿನ ಪಂಜಾಬಿ ಗೃಹಸ್ಥರು. ಅಂದು ನನ್ನನ್ನು ಮನೆಯವರೆಗೆ ಕಾರಿನಲ್ಲಿ ಬಿಡುವಾಗ ಅವರು ಹಿಂದಿಯಲ್ಲಿ ಹೇಳಿದರು. ಅವರ ಹುಡುಗತನದಲ್ಲಿ ಕಂದುಬಣ್ಣದವರನ್ನೆಲ್ಲ, ಅವರು ಪಂಜಾಬಿಗಳಿರಲಿ ಗುಜರಾತಿಗಳಿರಲಿ, ಪಾಕಿಸ್ತಾನವೆಂಬ ಹೆಸರನ್ನು ತುಂಡುಮಾಡಿ ಮಾಡಿದ ಒಂದು ಕೊಳಕು ಶಬ್ದದಿಂದ ಕರೆಯುತ್ತಿದ್ದರು. ೧೯೮೫ರ ಜೂನ್ ೨೩ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಸ್ಫೋಟಗೊಂಡು ೩೨೯ ಜನ ಸತ್ತ ಮೇಲಂತೂ ಸಿಂಗ್ ಎಂಬ ಹೆಸರು ಹೊತ್ತವರೆಲ್ಲರೂ ತಲೆ ತಗ್ಗಿಸಿ ನಡೆಯಬೇಕಾಯಿತು. ಅಂಥ ಕಾಲದಲ್ಲಿ ವಾರಾಂತ್ಯದ ಟಿವಿಯಲ್ಲಿ ಗಾಮಾ. ಸೋಮವಾರ ಶಾಲೆಯ ಅಂಗಳದಲ್ಲಿ ಅವರಿಗೆ ಅದೇ ಹೆಸರು, ಅದೇ ಕೂಗು, ಒಮ್ಮೊಮ್ಮೆ ಅದೇ ಪಟ್ಟುಗಳು. ಅಲ್ಲಿ ಪಿಸುಗುಟ್ಟಿ ಎಚ್ಚರಿಸುವವರು ಯಾರೂ ಇರಲಿಲ್ಲ.

"ಹಾಗಾದರೆ ನೀವು ಅವನನ್ನು ದ್ವೇಷಿಸಿದಿರಾ?" ಎಂದೆ. ಅವರು ಸಿಗ್ನಲ್ ಬರುವವರೆಗೆ ಉತ್ತರಿಸಲಿಲ್ಲ. ಆಮೇಲೆ ಹೇಳಿದರು: ಶಾಲೆಯಲ್ಲಿ ದ್ವೇಷಿಸುತ್ತಿದ್ದೆ. ಮನೆಯಲ್ಲಿ ಬಾಗಿಲು ಮುಚ್ಚಿಕೊಂಡು, ಅಪ್ಪ, ಚಿಕ್ಕಪ್ಪ, ನಾನು, ಎಲ್ಲರೂ ಅವನು ಗೆಲ್ಲಲೆಂದು ಹಾರೈಸುತ್ತಿದ್ದೆವು. ಇಡೀ ಟಿವಿಯಲ್ಲಿ ನಮ್ಮಂತೆ ಕಾಣುತ್ತಿದ್ದವನು ಅವನೊಬ್ಬನೇ.

ಈ ಎರಡು ಮಾತುಗಳಲ್ಲಿ ಯಾವುದನ್ನು ತೆಗೆದುಕೊಂಡು ತೀರ್ಪು ಕೊಡುವುದು? ಬಹಳ ಯೋಚಿಸಿದ್ದೇನೆ. ಸಹೋಟಾರು ತಮ್ಮ ಜನರ ಮಾನ ಮಾರಿ ಅನ್ನ ತಿಂದರು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೆನಡಾದಲ್ಲಿ ಬೆಳೆದು, ಆ ನಾಡಿನ ಭಾಷೆಯನ್ನು ನಾಡಿಗರಂತೆಯೇ ಮಾತನಾಡಬಲ್ಲವರಿಗೆ ಆ ವೃತ್ತಿಯು ತೆರೆದ ಬಾಗಿಲು ಅದೊಂದೇ. ಒಳಗೆ ಹೋದ ಮೇಲೆ ಅವರು ಮಾಡಿದ ಕೆಲಸ ಮೊದಲ ದರ್ಜೆಯದು. ಆದರೆ ಕರಾಚಿ ಎಂಬ ಹೆಸರಿಟ್ಟವರನ್ನು, ಅದು ಮಾರಾಟವಾಗುವುದೆಂದು ಲೆಕ್ಕ ಹಾಕಿದವರನ್ನು ನಾನು ಅಷ್ಟು ಸುಲಭವಾಗಿ ಬಿಡಲಾರೆ. ಕಣದೊಳಗೆ ಒಬ್ಬ ಹುಡುಗನಿಗೂ ಪೆಟ್ಟಾಗದಂತೆ ನೋಡಿಕೊಳ್ಳುತ್ತಿದ್ದ ಆ ವಿದ್ಯೆಯು ಕಣದ ಹೊರಗೆ, ಶಾಲೆಯ ಅಂಗಳದಲ್ಲಿ, ಬೇರೆ ಹುಡುಗರಿಗೆ ಪೆಟ್ಟು ಕೊಟ್ಟಿತು. ಕಾಫಿ ಅಂಗಡಿಯಲ್ಲಿ ನಕ್ಕ ಮುದುಕರು ಕೆಟ್ಟವರಲ್ಲ. ಅವರಿಗೆ ಅದು ಕಾಣಿಸಿರಲಿಲ್ಲ, ಅಷ್ಟೆ. ನನಗೂ ಕಾರಿನಲ್ಲಿ ಕುಳಿತ ಮೇಲೆಯೇ ಕಂಡದ್ದು.

ಶಾಲೆಯ ಅಂಗಳದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇದನ್ನು ಓದುತ್ತಿರುವವರು ಬಹುಪಾಲು ನೀವೇ ಆಗಿರುವುದರಿಂದ ಮುಚ್ಚಿಡುವುದು ಅರ್ಥಹೀನ. ನನಗೂ ಒಂದು ಖಳಪಾತ್ರವಿತ್ತು. ನಮ್ಮ ಮುಖ್ಯೋಪಾಧ್ಯಾಯರು ಸಾಧು ಸ್ವಭಾವದವರು. ಮಕ್ಕಳು ಅವರನ್ನು ಪ್ರೀತಿಸುತ್ತಿದ್ದರು. ಗೇಟಿನ ಬಳಿ ಬೆತ್ತ ಹಿಡಿದು ನಿಲ್ಲುವ ಕೆಲಸ ನನ್ನದು. ನನಗಿಟ್ಟಿದ್ದ ಅಡ್ಡಹೆಸರು ನನಗೆ ತಿಳಿದಿರಲಿಲ್ಲವೆಂದು ನೀವು ಭಾವಿಸಿದ್ದರೆ ತಪ್ಪು. ನಾನು ಕೆಟ್ಟವನಾಗಿ ನಿಂತದ್ದರಿಂದಲೇ ಅವರು ಒಳ್ಳೆಯವರಾಗಿರಲು ಸಾಧ್ಯವಾಯಿತು, ಶಾಲೆ ನಡೆಯಿತು ಎಂದು ನಾನು ಬಹುಕಾಲ ಹೆಮ್ಮೆಪಟ್ಟುಕೊಂಡಿದ್ದೆ. ಗಾಮಾನ ಕಥೆ ಕೇಳುವಾಗ ಮೊದಲು ನನಗೆ ಒಂದು ಬಗೆಯ ಬಂಧುತ್ವವೇ ಅನ್ನಿಸಿತ್ತು.

ಆದರೆ ಆ ಹೋಲಿಕೆ ಹೆಚ್ಚು ದೂರ ಬರಲಿಲ್ಲ. ಹುಡುಗನೊಬ್ಬನಿದ್ದ, ಹೆಸರು ಬೇಡ. ವಾರದಲ್ಲಿ ಮೂರು ದಿನ ತಡವಾಗಿ ಬರುತ್ತಿದ್ದ. ಪ್ರತಿ ಸಲವೂ ಅಂಗೈಗೆ ಎರಡೆರಡು ಏಟು. ಒಂದು ವರ್ಷ ಪೂರ್ತಿ. ಅವನು ಒಮ್ಮೆಯೂ ಕಾರಣ ಹೇಳಲಿಲ್ಲ, ನಾನು ಒಮ್ಮೆಯೂ ಕೇಳಲಿಲ್ಲ. ೨೦೧೧ರಲ್ಲಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಸ್ವಂತ ಅಂಗಡಿ ಇಟ್ಟಿದ್ದ, ಒತ್ತಾಯ ಮಾಡಿ ಕಾಫಿ ಕುಡಿಸಿದ. ಮಾತಿನ ನಡುವೆ ನಗುತ್ತಲೇ, "ಆಗ ಬೆಳಗಿನ ಜಾವ ಡೈರಿಗೆ ಹಾಲು ಹಾಕಿ ಐದು ಮೈಲಿ ಸೈಕಲ್ ತುಳಿದು ಬರ್ತಿದ್ದೆ ಸಾರ್. ಹ್ಯಾಂಡಲ್ ಹಿಡಿದು ಕೈ ಮೊದಲೇ ಮರಗಟ್ಟಿರೋದು, ನಿಮ್ಮ ಏಟು ಅಷ್ಟಾಗಿ ಗೊತ್ತಾಗ್ತಿರಲಿಲ್ಲ" ಎಂದ. ನನ್ನನ್ನು ಸಮಾಧಾನಪಡಿಸಲು ಹೇಳಿದ ಮಾತದು. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ೨೦೦೯ರ ಶಿಕ್ಷಣ ಹಕ್ಕು ಕಾಯ್ದೆ ಅಷ್ಟರಲ್ಲಿ ಜಾರಿಗೆ ಬಂದಿತ್ತು. ನನ್ನ ಬೆತ್ತ ಸ್ಟಾಫ್ ರೂಮಿನ ಕಪಾಟಿನ ಮೇಲೆ ಧೂಳು ಹಿಡಿದಿತ್ತು. ಸುಳ್ಳೇಟು ಹೊಡೆದು, ಎದುರಿನವನ ಮೈ ಕಾಯ್ದು, ಬೈಗುಳವನ್ನು ತಾನು ಹೊತ್ತವನು ಆ ಕ್ಯಾಲ್ಗರಿಯ ಖಳ. ನಾನು ನಿಜವಾದ ಏಟು ಹೊಡೆದು ಗುರುವಂದನೆಯ ಹಾರ ಹಾಕಿಸಿಕೊಂಡವನು. ಅವನ ಕೆಲಸವನ್ನು 'ಬರೀ ನಾಟಕ' ಎಂದವನೂ ನಾನೇ.

ಆ ಟೆರಿಟರಿಗಳ ಕಥೆ ಬೇಗ ಮುಗಿಯಿತು. ೧೯೮೨ರಲ್ಲಿ ತಂದೆಯ ಕಂಪನಿಯನ್ನು ಕೊಂಡ ವಿನ್ಸ್ ಮ್ಯಾಕ್‌ಮಹನ್ ಹಳೆಯ ಗಡಿಗಳನ್ನೆಲ್ಲ ತುಳಿದು ಮುನ್ನುಗ್ಗಿದರು. ೧೯೮೪ರಲ್ಲಿ ಸ್ಟೂ ಹಾರ್ಟ್ ತಮ್ಮ ಕಂಪನಿಯನ್ನು ಅವರಿಗೆ ಮಾರಿದರು. ಮರುವರ್ಷ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರೂ ೧೯೯೦ರ ವೇಳೆಗೆ ಬಾಗಿಲು ಮುಚ್ಚಿತು. ಆ ನಡುವೆ ಸಹೋಟಾರು ಡಬ್ಲ್ಯುಡಬ್ಲ್ಯುಎಫ್ ಪರವಾಗಿಯೂ ಕಣಕ್ಕಿಳಿದರು, ಆದರೆ ದೊಡ್ಡ ತಾರೆಯಾಗಲಿಲ್ಲ. ವಾರವಾರವೂ ಅದೇ ಜನರ ಮುಂದೆ ದ್ವೇಷವನ್ನು ಹನಿಹನಿಯಾಗಿ ಕೂಡಿಸುವ ಅವರ ವಿದ್ಯೆಗೆ ಆ ಜಾತ್ರೆಯಲ್ಲಿ ಸ್ಥಳವಿರಲಿಲ್ಲವೆಂದು ನನ್ನ ಊಹೆ. ಪಂದ್ಯಗಳಿಗೆ ಪ್ರಾಣ ತುಂಬುತ್ತಿದ್ದ ವೀಕ್ಷಕವಿವರಣೆಗಾರ ಎಡ್ ವೇಲನ್ ೨೦೦೧ರಲ್ಲಿ, ಸ್ಟೂ ಹಾರ್ಟ್ ೨೦೦೩ರಲ್ಲಿ ತೀರಿಕೊಂಡರು. ಓವೆನ್ ಹಾರ್ಟ್ ೧೯೯೯ರಲ್ಲಿಯೇ ಕ್ಯಾನ್ಸಸ್ ಸಿಟಿಯ ಕಣದ ಮೇಲೆ ಎತ್ತರದಿಂದ ಬಿದ್ದು ಸತ್ತದ್ದು ನಿಮಗೆ ಗೊತ್ತೇ ಇದೆ. ಆ ಸೋಮವಾರ ನಿಮ್ಮಲ್ಲಿ ಯಾರಾದರೂ ನನ್ನ ತರಗತಿಯಲ್ಲಿದ್ದಿದ್ದರೆ ನಾನು ಏನೆನ್ನುತ್ತಿದ್ದೆನೋ. ಬೇಸಿಗೆ ರಜೆಯಿದ್ದದ್ದು ಒಳ್ಳೆಯದಾಯಿತು. ಮಖನ್ ಸಿಂಗನಾಗಿದ್ದ ಮೈಕ್ ಶಾ ೨೦೧೦ರಲ್ಲಿ, ವೋಖನ್ ಸಿಂಗನಾಗಿದ್ದ ಆಲ್‌ಬ್ರೈಟ್ ೨೦೦೦ದಲ್ಲಿ ಹೋದರು.

ಸಹೋಟಾರು ೨೦೧೮ರಲ್ಲಿ ಇಂಪ್ಯಾಕ್ಟ್ ಎಂಬ ಸಂಸ್ಥೆಯಲ್ಲಿ ತಮ್ಮ ಮಗ ರಾಜ್ ಸಿಂಗ್ ಇದ್ದ 'ದೇಸಿ ಹಿಟ್ ಸ್ಕ್ವಾಡ್' ಎಂಬ ತಂಡದ ಮಾರ್ಗದರ್ಶಕರಾಗಿ ಮತ್ತೆ ತೆರೆಯ ಮೇಲೆ ಬಂದರು. ಅದಕ್ಕೂ ಮುನ್ನ, ೨೦೧೭ರ ಮೇ ೨೧ರಂದು, ಅವರ ಸೋದರಳಿಯ ಯುವರಾಜ್ ಸಿಂಗ್ ಧೇಸಿ 'ಜಿಂದರ್ ಮಹಲ್' ಎಂಬ ಹೆಸರಿನಲ್ಲಿ ರ‍್ಯಾಂಡಿ ಆರ್ಟನ್ನನನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಇ ಚಾಂಪಿಯನ್ ಆದ. ಹುಟ್ಟಿದ್ದು, ಬೆಳೆದದ್ದು ಕ್ಯಾಲ್ಗರಿಯಲ್ಲೇ. ಆದರೂ ಅವನಿಗೆ ಕೊಟ್ಟದ್ದು ಪರದೇಶಿ ಖಳನ ಪಾತ್ರವನ್ನೇ, ಪಂಜಾಬಿ ಭಾಷಣದ ಸಮೇತ! ಮೂವತ್ತು ವರ್ಷದಲ್ಲಿ ಬದಲಾದದ್ದು ಕರಾಚಿ ಎಂಬ ಹೆಸರು ಮಾತ್ರವೇ ಎಂದು ನನ್ನ ಪಂಜಾಬಿ ಮಿತ್ರರನ್ನು ಕೇಳಿದೆ. "ಈ ಸಲ ನನ್ನ ಮಗ ಬಾಗಿಲು ತೆರೆದಿಟ್ಟುಕೊಂಡೇ ಕೂಗಿದ" ಎಂದರು.

ಸೆಪ್ಟೆಂಬರಿನ ಕೊನೆಯ ಶುಕ್ರವಾರ ನಾನು ಬೀಳ್ಕೊಳ್ಳುವಾಗ ರೈಲ್ವೆ ಹಿರಿಯರು ಒಂದು ವಿಷಯ ಹೇಳಿದರು. ತಾರುಣ್ಯದಲ್ಲಿ ಒಮ್ಮೆ ಪಂದ್ಯ ಮುಗಿದ ಮೇಲೆ ಹೊರಗೆ ಹಿಮದಲ್ಲಿ ನಿಂತು ಗಾಮಾನನ್ನು ಬಾಯಿಗೆ ಬಂದಂತೆ ಬೈದಿದ್ದರಂತೆ. ಅವನು ಚೀಲ ಹೆಗಲಿಗೇರಿಸಿಕೊಂಡು, ತಿರುಗಿ ಒಂದು ಮಾತೂ ಆಡದೆ, ಅದೇ ತೆಳು ನಗು ನಕ್ಕು ಕತ್ತಲಲ್ಲಿ ನಡೆದು ಹೋದ. "ಆ ರಾತ್ರಿ ಅವನಿಗೆ ಸಾಸ್ಕಟೂನಿನವರೆಗೆ ದಾರಿಯಿತ್ತು. ನಾನು ಮನೆಗೆ ಹೋಗಿ ಬೆಚ್ಚಗೆ ಮಲಗಿದೆ" ಎಂದರು.

ಊರಿಗೆ ಬಂದ ಮೇಲೆ ಅಟ್ಟದ ಮೇಲಿನ ಟ್ರಂಕು ತೆಗೆಸಿದೆ. ನಿವೃತ್ತಿಯ ದಿನ ಡ್ರಾಯರನ್ನು ಖಾಲಿ ಮಾಡಿ ಎಲ್ಲವನ್ನೂ ಒಂದು ಬಟ್ಟೆಯ ಚೀಲದಲ್ಲಿ ತುಂಬಿ ತಂದಿದ್ದೆ. ಎಣಿಸಿದೆ, ಅರವತ್ತಮೂರು ಕಾರ್ಡುಗಳಿವೆ. ಬ್ರೆಟ್ ಹಾರ್ಟ್ ಮೂರು ಸಲ, ಓವೆನ್ ಒಂದು ಸಲ. ಕೆಲವುಗಳ ಹಿಂದೆ ಪೆನ್ಸಿಲಿನಲ್ಲಿ ಹೆಸರಿನ ಮೊದಲ ಅಕ್ಷರವಿದೆ: 'ರ', 'ಮಂ', 'ಶಿ', ಮತ್ತು ಯಾರದೋ ಒಂದು ವಕ್ರವಾದ 'ಕೃ'. ನಿಮ್ಮದೆಂದು ಗುರುತು ಸಿಕ್ಕವರು ಈ ಕಡೆ ಬಂದಾಗ ಮನೆಗೆ ಬನ್ನಿ. ಭಾನುವಾರ ಬೆಳಿಗ್ಗೆ ಹತ್ತರ ಮೇಲಾದರೆ ಖಂಡಿತ ಇರುತ್ತೇನೆ. ಹಾಲು ಹಾಕುತ್ತಿದ್ದ ಹುಡುಗನ ಬಳಿ ಕಾರ್ಡುಗಳೇ ಇರಲಿಲ್ಲ, ಅವನೂ ಬರಲಿ.